ಮಾತು ಬಿಟ್ಟವಳ ಸಾಕ್ಷಿ

ಸೈದಾ ಬೀಯ ತಂದೆ ಹರಪನಹಳ್ಳಿಯಿಂದ ಕರಾಚಿಗೆ ಹೋದವನು. ಆಕೆ ಹುಟ್ಟಿದ್ದು ಅಲ್ಲಿ. ಮದುವೆಯಾಗಿ ಬಂದದ್ದು ಕೊಟ್ಟೂರಿಗೆ, ಸೋದರತ್ತೆಯ ಮಗ ಮಕ್ತುಂ ಸಾಬನ ಮನೆಗೆ. ಬಂಧುಗಳಿಗೆ ಇದು ಹಳೆಯ ನಂಟನ್ನು ಹೊಸದು ಮಾಡಿಕೊಂಡಷ್ಟೇ ಸರಳ. ಸರಕಾರದ ಲೆಕ್ಕದಲ್ಲಿ ಮಾತ್ರ ಆಕೆ ವಿದೇಶಿ. ವೀಸಾ ವರ್ಷವರ್ಷವೂ ಮುಂದುವರಿಯಬೇಕು. ಊರಿನ ಎಲ್ಲೆ ದಾಟಲು ಅನುಮತಿ ಬೇಕು. ಮೈದುನನ ಮದುವೆಗೆಂದು ಕೋಗಳಿಗೆ ಹೋಗಲು ಕೇಳಿದ ಅನುಮತಿ ಬಂದು ತಲುಪುವ ಹೊತ್ತಿಗೆ ಆ ವಧು ಕೊಟ್ಟೂರಿಗೆ ಬಂದು, ಬಸುರಿಯಾಗಿ, ಬಾಣಂತನಕ್ಕೆಂದು ಕೋಗಳಿಗೆ ಮರಳಿದ್ದಳು.

ಎಂಬತ್ಮೂರನೆಯ ಇಸವಿಯಲ್ಲಿ ಸರಕಾರದ ಪತ್ರವೊಂದು ಬಂತು. ಇನ್ನು ವೀಸಾ ಮುಂದುವರಿಸಲಾಗದು. ಭಾರತೀಯನ ಹೆಂಡತಿಯೆಂದು ಪೌರತ್ವ ಸಿಕ್ಕರೆ ಇರಬಹುದು, ಸಿಗದಿದ್ದರೆ ಕರಾಚಿಗೆ ಮರಳಬೇಕು. ಮೂರು ವರ್ಷದ ಮಗಳು ಬಾನು ಇಲ್ಲಿಯೇ ಹುಟ್ಟಿದವಳಾದ್ದರಿಂದ ಪೂರ್ಣ ಭಾರತೀಯಳು. ಅರ್ಥಾತ್, ತಾಯಿ ಹೋಗಬೇಕು, ಮಗಳು ಉಳಿಯಬೇಕು. ಅಂದಿನಿಂದ ಸೈದಾ ಬೀ ಮಗುವಿನ ತಲೆ ಬಾಚಲು ಕುಳಿತರೆ ಬಾಚುತ್ತಲೇ ಇರುತ್ತಿದ್ದಳು.

ಅರ್ಜಿಗೆ ಬೇಕಾದ ಕಾಗದಗಳೆಲ್ಲ ಹೇಗೋ ಕೂಡಿಬಂದವು. ಕೊನೆಗೆ ಉಳಿದದ್ದು ನೆರೆಯವರ ಹೇಳಿಕೆ: ಈಕೆ ಮದುವೆಯಾದಂದಿನಿಂದ ಇಲ್ಲೇ ಸಂಸಾರ ಮಾಡಿಕೊಂಡಿದ್ದಾಳೆಂದು ಬಂಧುವಲ್ಲದ ನೆರೆಯವರೊಬ್ಬರು ಹೇಳಬೇಕು. ಮಕ್ತುಂ ಸಾಬನ ಮನೆಯ ಒಂದು ಮಗ್ಗುಲಿಗೆ ಆತನದೇ ಪಂಪ್‌ಸೆಟ್ ರಿಪೇರಿಯ ಅಂಗಡಿ. ಇನ್ನೊಂದು ಮಗ್ಗುಲಿಗೆ ದುರುಗಮ್ಮ.

ದುರುಗಮ್ಮನಿಗೂ ಸೈದಾ ಬೀಗೂ ಎರಡು ವರ್ಷಗಳಿಂದ ಮಾತಿರಲಿಲ್ಲ. ರಂಜಾನಿಗೆಂದು ಹೊಸೆದು ಒಣಹಾಕಿದ್ದ ಶಾವಿಗೆಯನ್ನು ದುರುಗಮ್ಮನ ಆಡು ತಿಂದಿತ್ತು. ಸೈದಾ ಬೀ ಆಡನ್ನು ಸಂಜೆಯವರೆಗೆ ಕಟ್ಟಿಹಾಕಿದ್ದಳು. ಆ ಕಡೆಯಲ್ಲಿ ಮಾತು ಬಿಡುವುದೆಂದರೆ ಸುಮ್ಮನೆ ಮುನಿಸಿಕೊಳ್ಳುವುದಲ್ಲ, ಅದಕ್ಕೊಂದು ಕ್ರಮವಿದೆ. ಹೇಳಬೇಕಾದದ್ದನ್ನು ಗೋಡೆಗೋ ಕೋಳಿಗೋ ಹೇಳಬೇಕು. ಎದುರಿನವಳ ಹೆಸರು ಬಾಯಲ್ಲಿ ಬರಕೂಡದು.

ವಿಚಾರಣೆಗೆ ಬಂದ ಹವಾಲ್ದಾರ್ ಓಬಳೇಶ ದುರುಗಮ್ಮನ ಅಂಗಳದಲ್ಲಿ ನಿಂತು ಕೇಳಿದ್ದು ಗೋಡೆಯ ಈಚೆಗಿದ್ದ ಸೈದಾ ಬೀಗೆ ಸ್ಪಷ್ಟವಾಗಿಯೇ ಕೇಳಿಸಿತು.

"ಈ ಬಾಜೂ ಮನಿಯಾಕಿ ನಿನಗ ಗೊತ್ತದಾಳೇನವ್ವ?"

"ನನಗೂ ಆಕಿಗೂ ಮಾತಿಲ್ಲ."

"ಮಾತಿಲ್ಲಂದ್ರ ಇಲ್ಲ. ಗೊತ್ತದಾಳೋ ಇಲ್ಲೋ ಅಷ್ಟು ಹೇಳು."

"ಆಕಿ ಯಾರೋ, ನಾನು ಯಾರೋ. ಹೋಗಪ್ಪ, ಒಲಿ ಮ್ಯಾಲೆ ಮುದ್ದಿಗೆ ಎಸರು ಇಟ್ಟೀನಿ."

ಓಬಳೇಶ ಸತ್ಯವಂತ. ಕೇಳಿದ್ದನ್ನೇ ಬರೆದ: 'ಅರ್ಜಿದಾರಳ ಪರಿಚಯ ತನಗಿಲ್ಲವೆಂದು ನೆರೆಯವಳು ತಿಳಿಸಿರುತ್ತಾಳೆ.' ಪ್ರತಿಯೊಂದು ಪದವೂ ನಿಜವಾಗಿದ್ದು ಒಟ್ಟು ವಾಕ್ಯ ಸುಳ್ಳಾಗುವುದು ಪ್ರಯೋಗಾಲಯಗಳಲ್ಲಿಯೂ ಉಂಟು. ಅಲ್ಲಿ ಪ್ರಯೋಗವನ್ನು ಮತ್ತೆ ಮಾಡುತ್ತಾರೆ. ಇಲ್ಲಿ ಅರ್ಜಿದಾರಳನ್ನು ಕೂಡ್ಲಿಗಿಯ ತಾಲ್ಲೂಕು ಕಚೇರಿಗೆ ಕರೆಸಿದರು. ಸಾಕ್ಷಿಯಿದ್ದರೆ ತರಬೇಕೆಂದೂ ತಿಳಿಸಿದರು.

ಮಕ್ತುಂ ಸಾಬ್ ದುರುಗಮ್ಮನ ಬಾಗಿಲಿಗೆ ಹೋಗಿ ನಿಂತ. "ಯಕ್ಕಾ, ನೀ ಬರಲಿಲ್ಲಂದ್ರ ನನ್ನ ಮಗಳು ತಾಯಿ ಇಲ್ದಂಗ ಆಗ್ತಾಳ."

ದುರುಗಮ್ಮ ಆಡಿನ ಕಡೆಗೆ ತಿರುಗಿ, "ಕೂಡ್ಲಿಗಿ ಬಸ್ಸು ಎಷ್ಟೊತ್ತಿಗೈತಂತ ಕೇಳು," ಎಂದಳು.

ಬಸ್ಸಿನಲ್ಲಿ ಆಕೆ ಮುಂದೆ ಕುಳಿತಳು, ಗಂಡ ಹೆಂಡತಿ ಹಿಂದೆ ಕುಳಿತರು. ತಹಶೀಲ್ದಾರರು ಮೈಸೂರು ಕಡೆಯವರು, ತಾಳ್ಮೆಯ ಮನುಷ್ಯ.

"ಈಕೆ ನಿಮಗೆ ಗೊತ್ತೇನಮ್ಮ? ಪರಿಚಯವಿಲ್ಲ ಎಂದಿದ್ದೀರಂತಲ್ಲ."

"ಮಾತಿಲ್ಲ ಅಂದೀನ್ರಿ. ಗುರ್ತಿಲ್ಲದೋರ ಕೂಡ ಯಾರಾದ್ರೂ ಮಾತು ಬಿಡ್ತಾರೇನ್ರಿ ಸಾಹೇಬ್ರ? ಬಿಡಾಕ ಮೊದಲು ಮಾತಿರಬೇಕಲ್ರಿ."

ತಹಶೀಲ್ದಾರರು ಲೇಖನಿಯನ್ನು ಕೆಳಗಿಟ್ಟರು.

"ಈಕಿ ಬಂದ ದಿನದಿಂದ ನೋಡೀನಿ. ರೊಟ್ಟಿ ಬಡಿಯಾಕ ಬರ್ತಿದ್ದಿಲ್ಲ, ನಾನ ಕಲಿಸೀನಿ. ಕೂಸು ಹುಟ್ಟುವಾಗ ಸೂಲಗಿತ್ತಿನ ಕರಕೊಂಡು ಬಂದಾಕಿ ನಾನ. ಇಷ್ಟಾದ ಮ್ಯಾಲೆ ನನ್ನ ಆಡು ಕಟ್ಟಿಹಾಕ್ಯಾಳ. ಇದು ನ್ಯಾಯ ಏನು, ಕೇಳ್ರಿ."

ತಾನು ಎಲ್ಲಿ ನಿಂತಿದ್ದೇನೆ, ಏಕೆ ಬಂದಿದ್ದೇನೆ ಎಂಬುದು ಸೈದಾ ಬೀಗೆ ಮರೆತೇಹೋಯಿತು. "ಆಡು ನನ್ನ ಶಾವಿಗಿ ಎಲ್ಲಾ ತಿಂತಲ್ರಿ ಸಾಹೇಬ್ರ, ಅದನ್ನ ಕೇಳ್ರಿ."

"ಹಾದ್ಯಾಗ ಶಾವಿಗಿ ಹರವಿದ್ರ ಆಡೇನು ರೋಜಾ ಉಪಾಸ ಹಿಡೀತೈತೇನು, ಕೇಳ್ರಿ."

"ಆಡಿಗೆ ಬುದ್ಧಿ ಇಲ್ಲಂದ್ರ ಸಾಕಿದಾಕಿಗೂ ಇರಬಾರದಂತೈತೇನು, ಕೇಳ್ರಿ."

ಮಕ್ತುಂ ಸಾಬ್ ಕಣ್ಣು ಮುಚ್ಚಿಕೊಂಡ. ತಹಶೀಲ್ದಾರರು ಒಬ್ಬರಿಂದೊಬ್ಬರಿಗೆ ತಿರುಗುತ್ತಾ ಪೂರ್ತಿ ಕೇಳಿಸಿಕೊಂಡರು. ಆಮೇಲೆ ಸೈದಾ ಬೀಯನ್ನು ಕೇಳಿದರು: "ಈ ಕನ್ನಡ ಎಲ್ಲಿ ಕಲಿತಿರಿ?"

"ಈಕಿ ಬೈಯೋದು ಕೇಳಿ ಕೇಳಿ ಕಲ್ತೀನ್ರಿ."

ಅವರು ಗುಮಾಸ್ತನಿಂದ ಬರೆಯಿಸಿದರು: 'ಅರ್ಜಿದಾರಳು ವಿವಾಹಾನಂತರ ಸ್ಥಳದಲ್ಲಿಯೇ ವಾಸವಿದ್ದು, ನೆರೆಯವಳೊಂದಿಗೆ ಆಕೆಗೆ ಸಹಜವೂ ನಿರಂತರವೂ ಆದ ವೈಮನಸ್ಯವಿರುವುದು ವಿಚಾರಣೆಯಿಂದ ದೃಢಪಟ್ಟಿದೆ.'

ಮರಳುವಾಗ ಸೈದಾ ಬೀ ಬಸ್ ನಿಲ್ದಾಣದಲ್ಲಿ ಮಿರ್ಚಿ ಕೊಂಡು ದುರುಗಮ್ಮನ ಮುಂದೆ ಹಿಡಿದಳು. "ಯಕ್ಕಾ, ತಪ್ಪಾತು. ಇನ್ನ ಮಾತಾಡೂಣು."

ದುರುಗಮ್ಮ ಮಿರ್ಚಿ ತೆಗೆದುಕೊಂಡಳು; ಮಾತಾಡಿದ್ದು ಮಾತ್ರ ಬಸ್ಸಿನ ಕಿಟಕಿಯೊಡನೆ. "ಸಾಹೇಬ್ರು ಬರಕೊಂಡಾರ. ಮ್ಯಾಲಿನೋರು ಮತ್ತ ಕೇಳಾಕ ಬಂದಾಗ ನಾವು ಮಾತಾಡಿದ್ರ ಅವರು ಬರೆದಿದ್ದು ಸುಳ್ಳಾಗತೈತಿ. ಕಾಗದ ಬರೋತನ ಸುಮ್ಮನ ಇರಬೇಕಂತ ಹೇಳು."

ವೀಕ್ಷಿಸಿದ ಮಾತ್ರಕ್ಕೇ ಬದಲಾಗುವ ವಸ್ತುಗಳಿವೆಯಂತೆ. ಇವರ ಜಗಳಕ್ಕೆ ಆದದ್ದು ಅದರ ವಿರುದ್ಧ: ತೀರಿಹೋಗಬೇಕಿದ್ದದ್ದು ಕಡತದಲ್ಲಿ ದಾಖಲಾದ್ದರಿಂದಲೇ ಬದುಕಿ ಉಳಿಯಿತು. ಕಡತ ಬಳ್ಳಾರಿಗೆ, ಅಲ್ಲಿಂದ ಬೆಂಗಳೂರಿಗೆ ಹೋಯಿತು. ಇತ್ತ ಗೋಡೆಯ ಮೇಲೆ ಪಲ್ಯದ ಬಟ್ಟಲುಗಳು ಮಾತಿಲ್ಲದೆ ಓಡಾಡಿದವು. ಸೈದಾ ಬೀಗೆ ಜ್ವರ ಬಂದಾಗ ದುರುಗಮ್ಮ ಪಕ್ಕದಲ್ಲೇ ಕುಳಿತು, ಕಷಾಯ ಕುಡಿಯದಿದ್ದವಳ ಮೇಲಿನ ಸಿಟ್ಟನ್ನೆಲ್ಲ ಕಂಬಕ್ಕೆ ಹೇಳಿದಳು. ಓಬಳೇಶ ಆಗಾಗ ಬಂದು, "ಇನ್ನೂ ಮಾತಿಲ್ಲಲ್ಲ?" ಎಂದು ವಿಚಾರಿಸುತ್ತಿದ್ದ. ಇಲ್ಲವೆಂದರೆ ಸಮಾಧಾನದಿಂದ ಹೋಗುತ್ತಿದ್ದ.

ಮರುವರ್ಷ ಜೋಳ ತೆನೆ ಕಟ್ಟುವ ಹೊತ್ತಿಗೆ ಆದೇಶ ಬಂತು. ಸೈದಾ ಬೀ ಬಳ್ಳಾರಿಗೆ ಹೋಗಿ ಪಾಕಿಸ್ತಾನದ ಹಸಿರು ಪಾಸ್‌ಪೋರ್ಟ್ ಒಪ್ಪಿಸಿ, ಪ್ರಮಾಣವಚನ ಹೇಳಿ, ಪೌರತ್ವದ ಪತ್ರ ಹಿಡಿದು ಬಂದಳು. ತನ್ನ ಮನೆಯ ಬಾಗಿಲು ದಾಟಿ ಪಕ್ಕದ ಮನೆಯ ಬಾಗಿಲಿಗೆ ಹೋದಳು.

ದುರುಗಮ್ಮನಿಗೆ ಓದು ಬಾರದು. ಪತ್ರವನ್ನು ಮುಟ್ಟಿ ನೋಡಿ, ಮುಖವೆತ್ತಿ, ನೇರವಾಗಿ ಅವಳನ್ನೇ ಕೇಳಿದಳು: "ಖರೇನ ಹೋಗಂಗಿಲ್ಲ, ಸೈದಾ?"

"ಹೋಗಂಗಿಲ್ಲ, ಯಕ್ಕಾ."

"ಹಂಗಾರ ಕುಂದ್ರು," ಎಂದು ದುರುಗಮ್ಮ ಚಾಪೆ ಹಾಸಿದಳು. ಇಬ್ಬರೂ ಕುಳಿತರು. ಏನು ಮಾತಾಡಬೇಕೆಂದು ಬಹಳ ಹೊತ್ತು ಇಬ್ಬರಿಗೂ ತೋಚಲಿಲ್ಲ.