ತ್ರಿಶಲಾ ಮೌಶಿ ಒಣಹಾಕಿದ ಧೋತರ

ಮೊದಲೇ ಹೇಳಿಬಿಡುತ್ತೇನೆ, ನನ್ನ ಅಕ್ಷರ ಚಂದ ಇಲ್ಲ. ಒಂಬತ್ತನೇ ಇಯತ್ತೆಗೆ ಸಾಲೆ ಬಿಟ್ಟವಳು, ದೊಡ್ಡ ಮಾತೂ ಬರುವುದಿಲ್ಲ. ಬರೆದು, ಹೊಡೆದು ಹಾಕಿ, ಮತ್ತೆ ಬರೆದಿದ್ದೇನೆ. ಆದರೂ ತಪ್ಪು ಉಳಿದಿದ್ದರೆ ಹೊಟ್ಟೆಗೆ ಹಾಕಿಕೊಳ್ಳಿ. ಇದು ನಮ್ಮ ಓಣಿಯ ತ್ರಿಶಲಾ ಮೌಶಿಯ ವಿಷಯ; ಓಣಿಗೆಲ್ಲ ಅವಳು ಮೌಶಿ, ಅಂದರೆ ಚಿಕ್ಕಮ್ಮ.

ಹುಕ್ಕೇರಿಯಲ್ಲಿ ತ್ರಿಶಲಾ ಮೌಶಿಯ ಮನೆ ಎಂದರೆ ಯಾರಾದರೂ ತೋರಿಸುತ್ತಾರೆ. ಗಂಡ ತೀರಿಕೊಂಡ ಮೇಲೆ ಕಾಳಿನ ಅಂಗಡಿಯನ್ನು ಮೈದುನನಿಗೆ ಬಿಟ್ಟುಕೊಟ್ಟು, ಮನೆಯ ಹಿಂದಿನ ಖೋಲಿಗಳಲ್ಲಿ ಓದುವ ಹುಡುಗಿಯರನ್ನು ಇಟ್ಟುಕೊಂಡವಳು. ಹುಡುಗಿಯರು ಮುಂಜಾನೆ ಬಸ್ಸು ಹಿಡಿದು ನಿಡಸೋಸಿಯ ಕಾಲೇಜಿಗೆ ಹೋಗುತ್ತಾರೆ. ಮೌಶಿ ಹೊತ್ತು ಮುಳುಗುವುದರೊಳಗೆ ತನ್ನ ಊಟ ಮುಗಿಸಿ, ಅವರು ಬರುವ ತನಕ ಬಾಗಿಲಲ್ಲಿ ಕೂತಿರುತ್ತಾಳೆ. ನೀರನ್ನು ಅರಿವೆಯಲ್ಲಿ ಸೋಸದೆ ಯಾರ ಕೈಗೂ ಕೊಟ್ಟವಳಲ್ಲ. ದೂರದ ಹಳ್ಳಿಯವರು ಹೆಣ್ಣುಮಕ್ಕಳನ್ನು ಅಲ್ಲಿ ಬಿಡುವುದು ಆ ಕಾಳಜಿಯನ್ನು ನಂಬಿ. ಓದಿಗೆ ಬೇಕೆಂದು ಅವಳು ವೈಫೈ ಹಾಕಿಸಿದಳು, ಕಾವಲಿಗೆಂದು ಒಳ ಅಂಗಳಕ್ಕೊಂದು ಕ್ಯಾಮೆರಾ. ಎರಡನ್ನೂ ಜೋಡಿಸಿದವನು ಘಟಪ್ರಭಾದ ಭೀಮೇಶ.

ಈ ಚಳಿಗಾಲದಲ್ಲಿ ಪೀಡೆ ಶುರುವಾಯಿತು. ಬಸ್ ಸ್ಟ್ಯಾಂಡಿನಲ್ಲಿ ಆ ಹುಡುಗಿಯರಲ್ಲಿ ಒಬ್ಬಳಾದ ವಿಜಯಲಕ್ಷ್ಮಿ ನಿಂತಿದ್ದಾಗ ಹಿಂದಿನಿಂದ ಒಬ್ಬ ಹುಡುಗ ಗೆಳೆಯನಿಗೆ, "ಹಸರ ಡ್ರೆಸ್ಸು ಇನ್ನಾ ಹಗ್ಗದ ಮ್ಯಾಲ ಐತಲೇ, ಒಣಗಿಲ್ಲ ಕಾಣತೈತಿ" ಎಂದು ನಕ್ಕ. ಸಂಜೆ ಬಂದವಳೇ ಅವಳು ಅದನ್ನು ಮೌಶಿಗೆ ಹೇಳಿದಳು. ಹಸಿರು ಡ್ರೆಸ್ಸು ಅವಳದೇ. ಮೂಡಲಗಿ ಕಡೆಯ ಕುರಿಗಾರ ಸಿದ್ರಾಯನ ಮಗಳು ಅವಳು; ಅವರ ಮನೆತನದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದ ಮೊದಲನೆಯವಳು. ಇಂಥ ಮಾತು ಅಪ್ಪನ ಕಿವಿಗೆ ಬಿದ್ದರೆ ಓದು ಅಲ್ಲಿಗೇ ಮುಗಿಯಿತೆಂದು ಅವಳಿಗೂ ಗೊತ್ತು, ಮೌಶಿಗೂ ಗೊತ್ತು.

ಅಂಗಳದ ಗೋಡೆ ಎತ್ತರ, ಓಣಿಯಿಂದ ಏನೂ ಕಾಣುವುದಿಲ್ಲ. ಒಳಗಿನವರೇ ಯಾರೋ ಹೊರಗೆ ಹೇಳುತ್ತಿದ್ದಾರೆಂದು ಹುಡುಗಿಯರು ಅಡುಗೆಯ ಕಾಶೆವ್ವನ ಕಡೆ ಓರೆಗಣ್ಣಿನಿಂದ ನೋಡತೊಡಗಿದರು.

"ನಾ ಹೇಳಿದ್ರ ನನ್ನ ನಾಲಿಗಿ ಬೀಳ್ಲಿ" ಎಂದಳು ಕಾಶೆವ್ವ. "ಇಷ್ಟು ಮಂದಿಗೆ ರೊಟ್ಟಿ ಬಡಿಯೂದು ಬಿಟ್ಟು, ನಿಮ್ಮ ಡ್ರೆಸ್ಸಿನ ಬಣ್ಣಾ ನೋಡ್ಕೋಂತ ಕುಂದ್ರಾಕ ನನಗ ಪುರಸೊತ್ತರ ಎಲ್ಲೈತಿ?"

"ನೀ ಊರಿಗೆ ಹೋಗಿ ಮಗಳನ್ನ ನೋಡ್ಕೊಂಡ ಬಾ" ಎಂದಳು ಮೌಶಿ. "ಸಿಟ್ಟಿನಿಂದ ಹೇಳಾಕತ್ತಿಲ್ಲ. ನನಗ ಒಂದು ನೋಡೂದೈತಿ."

ಕಾಶೆವ್ವ ಮುಖ ಊದಿಸಿಕೊಂಡೇ ಹೋದಳು. ಹುಡುಗಿಯರು ಕಾಲೇಜಿಗೆ ಹೋದ ಮೇಲೆ ಮೌಶಿ ಟ್ರಂಕು ತೆರೆದು ಗಂಡನ ಧೋತರ ತೆಗೆದಳು. ತೋಯಿಸಿ, ಹಿಂಡಿ, ಅಂಗಳದ ಹಗ್ಗಕ್ಕೆ ಅಗಲವಾಗಿ ಹರವಿದಳು. ಹುಡುಗಿಯರು ತಿರುಗಿ ಬರುವ ಮೊದಲೇ ತೆಗೆದು ಮಡಚಿಟ್ಟಳು. ಯಾರ ಮುಂದೆಯೂ ಬಾಯಿ ಬಿಡಲಿಲ್ಲ.

ಮರುದಿನ ಸಂಜೆ ವಿಜಯಲಕ್ಷ್ಮಿ ಅಳುತ್ತ ಬಂದಳು. "ಮೌಶಿ, ನಮ್ಮ ಮನಿಗೆ ಧೋತರದ ಮಾವ ಬಂದಾನಂತ. ಸ್ಟ್ಯಾಂಡಿನ್ಯಾಗ ಎಲ್ಲಾರೂ ನಗಾಕತ್ತಾರ. ಯಾವ ಧೋತರ?"

ಮೌಶಿ ಸೀದಾ ಅಂಗಳಕ್ಕೆ ಹೋದಳು. ಸ್ಟೂಲು ಹತ್ತಿ ಕ್ಯಾಮೆರಾದ ವಾಯರು ಕಿತ್ತಳು. ಆಮೇಲೆ ವೈಫೈ ಬರುವ ಡಬ್ಬಿಯ ವಾಯರನ್ನೂ ಕಿತ್ತು ಭೀಮೇಶನಿಗೆ ಫೋನು ಹಚ್ಚಿದಳು.

ಒಂದು ಸಂಗತಿ ಮಾತ್ರ ಅವಳ ಲೆಕ್ಕದಲ್ಲಿ ಇರಲಿಲ್ಲ. ಊರ ಬಾಯಿಗೆ ಸಿಕ್ಕ ಮಾತು ಸಂತೆಗೂ ಹೋಗುತ್ತದೆ. ಮರುದಿನ ಭೀಮೇಶ ಬಂದು ಲ್ಯಾಪ್‌ಟಾಪ್ ತೆರೆಯುವ ಹೊತ್ತಿಗೆ ಸಿದ್ರಾಯನೂ ಬಂದು ನಿಂತ. ಹೆಗಲ ಮೇಲಿನ ಕಂಬಳಿ ಇಳಿಸಲಿಲ್ಲ.

"ಬಾಯಾರ, ಮಗಳ ಗಂಟು ಕಟ್ಟಸ್ರಿ. ಸಂತ್ಯಾಗ ಕುರಿ ದಲ್ಲಾಳಿ ಸೈತ ನನ್ನ ಮಾರಿ ನೋಡಿ ನಕ್ಕ. ಈ ಮನ್ಯಾಗ ಗಂಡಸರು ಇರ್ತಾರಂತ."

ಮೌಶಿ ಒಳಗೆ ಹೋಗಿ ಧೋತರ ತಂದು ಅವನ ಮುಂದಿಟ್ಟಳು. "ಆ ಗಂಡಸ ಇವನ ನೋಡ್ರಿ, ಸಿದ್ರಾಯಣ್ಣಾ. ನಮ್ಮ ಮನಿಯವರ ಧೋತರ. ಒಣಾ ಹಾಕಿದಾಕಿ ನಾನ, ತಗದಾಕಿನೂ ನಾನ. ಆವಾಗ ಮನ್ಯಾಗ ಮತ್ಯಾರೂ ಇರ್ಲಿಲ್ಲ. ನೋಡಿದ್ದು ಆ ಕ್ಯಾಮೆರಾ ಒಂದ. ಅದರ ಕಣ್ಣಾಗ ಹೊರಗಿನವರು ಹೆಂಗ ಹೊಕ್ಕರು ಅಂತ ಕೇಳೂಣು, ಕುಂದರ್ರಿ. ಕೇಳಿದ ಮ್ಯಾಲೂ ಮನಸಿಗೆ ಬರಲಿಲ್ಲಂದ್ರ ಗಂಟು ನಾನ ಕಟ್ಟಿ ಕೊಡ್ತೇನಿ."

ಸಿದ್ರಾಯ ಕೂತ ಮೇಲೆ ಭೀಮೇಶ ಗೊಣಗಿದ. "ವೈಫೈ ಪಾಸ್‌ವರ್ಡ್ ನೀವ ಯಾರಿಗರ ಕೊಟ್ಟಿರಬೇಕ್ರಿ."

"ಅದನ್ನ ದೀಪಾವಳಿಗೆ ಬದಲಿ ಮಾಡೇನಿ. ಮೈದುನಗೂ ಹೇಳಿಲ್ಲ. ಬ್ಯಾರೆ ಕೀಲಿ ಏನರ ಐತೇನು?"

ಅವನು ತಲೆ ಕೆರೆದುಕೊಂಡ. ಇತ್ತು. ವೈಫೈ ಪಾಸ್‌ವರ್ಡ್ ಹೊರಗಿನ ಬಾಗಿಲದ್ದು. ಡಬ್ಬಿಯ ಒಳಗೆ ಹೋಗಿ ಅದನ್ನು ಬೇಕಾದಂತೆ ತಿರುವಲು ಇನ್ನೊಂದು ಪಾಸ್‌ವರ್ಡ್ ಇರುತ್ತದೆ. ಭೀಮೇಶ ತಾನು ಜೋಡಿಸಿದ ಎಲ್ಲ ಮನೆಗಳಿಗೂ ಅದನ್ನು ಒಂದೇ ಇಟ್ಟಿದ್ದ. ಕೆಟ್ಟಾಗ ಘಟಪ್ರಭಾದಲ್ಲೇ ಕೂತು ಸರಿಮಾಡಲು ಬರಲಿ ಎಂದು ಹೊರಗಿನಿಂದ ಒಳಗೆ ಬರುವ ದಾರಿಯನ್ನೂ ತೆರೆದಿಟ್ಟಿದ್ದ. ಒಳಗೆ ಬಂದವರಿಗೆ ಕ್ಯಾಮೆರಾ ಸಿಗುವುದು ಕಷ್ಟವಲ್ಲ. ಅದರ ಪಾಸ್‌ವರ್ಡ್ ಅಂತೂ ಕಂಪನಿಯಿಂದ ಬಂದದ್ದೇ ಇತ್ತು.

"ಆ ಪಾಸ್‌ವರ್ಡ್ ಯಾರ್ಯಾರಿಗೆ ಗೊತ್ತೈತಿ?" ಎಂದಳು ಮೌಶಿ.

"ನನ್ನ ಕೂಡ ಕೆಲಸಕ್ಕ ಬಂದು ಬಿಟ್ಟವರಿಗೆಲ್ಲಾ ಗೊತ್ತೈತ್ರಿ" ಎಂದು ಭೀಮೇಶ ನೆಲ ನೋಡಿದ.

ಸಿದ್ರಾಯ ನಡುವೆ ಬಾಯಿ ಹಾಕಿದ. "ಅಂದ್ರ ಕುರಿದಡ್ಡಿಗೆ ಮುಂದ ಮುಳ್ಳಬೇಲಿ ಬಡದು, ನೀ ಬಂದು ಹೋಗಾಕಂತ ಹಿಂದ ಗಂಡಿ ಬಿಟ್ಟಿ. ತ್ವಾಳ ಬಂದು, ಇದು ಯಾರ ಗಂಡಿ ಅಂತ ಕೇಳಿ ಹೊಗತೈತೇನು?"

"ಈಗ ನನ್ನ ಮುಂದ ಮುಚ್ಚು" ಎಂದಳು ಮೌಶಿ. "ಏನು ಒತ್ತತಿ, ಯಾಕ ಒತ್ತತಿ, ಹೇಳ್ಕೋಂತ ಮಾಡು."

ಅವನು ಹೇಳುತ್ತ ಮಾಡಿದ. ಹೊರಗಿನ ದಾರಿ ಮುಚ್ಚಿದ. ಒಳಗಿನ ಹೊಸ ಪಾಸ್‌ವರ್ಡನ್ನು, ಕ್ಯಾಮೆರಾದ್ದನ್ನೂ, ಮೌಶಿ ತಾನೇ ಒಂದೊಂದು ಅಕ್ಷರ ಹುಡುಕಿ ಒತ್ತಿದಳು. ಅಲ್ಲಿಯವರೆಗೆ ಭೀಮೇಶನನ್ನು ಗೋಡೆ ಕಡೆ ಮುಖ ಮಾಡಿ ನಿಲ್ಲಿಸಿದ್ದಳು. ಆಮೇಲೆ ಅವನು ಮೆಲ್ಲಗೆ ಇನ್ನೊಂದು ಮಾತು ಹೇಳಿದ. "ಡಬ್ಬಿ ಹಳೇದಾಗೈತ್ರಿ. ಇದರಾಗಿನ ಸಂದು ಮುಚ್ಚೂ ತಿದ್ದುಪಡಿ ಕಂಪನಿಯವರು ಕಳಸೂದು ಬಿಟ್ಟಾರ."

"ಹಂಗಾರ ಹೊಸಾದು ಬರೂತನಕ ಇದು ಬಂದ್. ಕ್ಯಾಮೆರಾನೂ ಅಂಗಳದಾಗ ಬ್ಯಾಡ, ಓಣಿ ಬಾಗಿಲಕ್ಕ ಹಾಕು. ಸಿದ್ರಾಯಣ್ಣಾ, ನಾ ಪೊಲೀಸ್ ಠಾಣೆಕ್ಕ ಹೊಂಟೇನಿ."

"ಠಾಣೆಕ್ಕ ಹೋದ್ರ ಮಗಳ ಹೆಸರು ಬರತೈತ್ರಿ, ಬಾಯಾರ."

"ಬರೂದು ನನ್ನ ಹೆಸರು. ಮನಿ ನನ್ನದು, ಧೋತರ ನನ್ನ ಗಂಡಂದು."

ಸಿದ್ರಾಯ ಧೋತರವನ್ನು ಮೌಶಿಯ ಕಡೆ ಸರಿಸಿದ. ಕಂಬಳಿ ಇಳಿಸಿ ಮಡಿಲಲ್ಲಿ ಇಟ್ಟುಕೊಂಡ. ಕಾಲೇಜಿಗೆ ಹೋಗದೆ ಬಾಗಿಲ ಸಂದಿಯಲ್ಲಿ ನಿಂತಿದ್ದ ಮಗಳನ್ನು, "ಪರೀಕ್ಷಿ ಯಾವಾಗ ಐತಿ?" ಎಂದು ಕೇಳಿದ.

"ಮುಂದಿನ ತಿಂಗಳ, ಅಪ್ಪಾ."

"ಮುಗಿಸಿಕೊಂಡ ಬಾ ಹಂಗಾರ."

ಹೊರಡುವಾಗ ಭೀಮೇಶ ಕೈ ಮುಗಿದ. "ಉಳಿದ ಮನಿಯವರಿಗೆ ಹೇಳಬ್ಯಾಡ್ರಿ ಮೌಶಿ. ನನ್ನ ಅನ್ನಾ ಹೋಗತೈತಿ."

"ಆ ಮನಿಗೋಳ್ಯಾಗೂ ಹೆಣ್ಣಮಕ್ಕಳ ಅದಾರ, ಭೀಮೇಶ. ನಿನ್ನ ಬಾಯಿಲೇ ಹೇಳಿ, ನಿನ್ನ ಕೈಲೇ ಮುಚ್ಚು. ನಾ ಬಾಜೂಕ ನಿಂತಿರ್ತೇನಿ. ನೀ ಬರಲಿಲ್ಲಂದ್ರ ನಾ ಒಬ್ಬಾಕಿನ ಹೋಗಿ ಹೇಳ್ತೇನಿ."

ಭೀಮೇಶ, ಸಿದ್ರಾಯ ಬಂದು ಹೋದದ್ದು ಇವತ್ತು ಮುಂಜಾನೆ. ಮಧ್ಯಾಹ್ನ ಮೌಶಿ ಠಾಣೆಗೆ ಹೋಗಿ ದೂರು ಕೊಟ್ಟು ಬಂದಿದ್ದಾಳೆ. ನಾಳೆ ಮೊದಲ ಬಸ್ಸಿಗೆ ಕಾಶೆವ್ವನ ಊರಿಗೆ ಹೋಗಿ, ತಪ್ಪಾಯಿತೆಂದು ಹೇಳಿ ಅವಳನ್ನು ಕರೆತರುತ್ತಾಳೆ. ನಾಡಿದ್ದಿನಿಂದ ಭೀಮೇಶ ಬಂದರೂ ಸರಿ, ಬಾರದಿದ್ದರೂ ಸರಿ, ಓಣಿಯ ಮೊದಲ ಮನೆಯಿಂದ ಬಾಗಿಲು ತಟ್ಟುತ್ತ ಹೋಗುತ್ತಾಳೆ.