ಊಟದ ಸಾಲಿನಲ್ಲಿ ಸೋತ ರಾಜ

ನೈರೋಬಿಯ ಹೈರಿಡ್ಜ್‌ ಬಡಾವಣೆಯ ಕನ್ನಡದವರೆಲ್ಲ ಚಿದಾನಂದರನ್ನು ಬೆನ್ನ ಹಿಂದೆ ‘ಸರ್ಕಾರ’ ಎಂದು ಕರೆಯುತ್ತಿದ್ದರು. ಅದು ಅವರಿಗೆ ಗೊತ್ತಿರಲಿಲ್ಲ ಎಂದುಕೊಳ್ಳಬೇಡಿ. ಗೊತ್ತಿತ್ತು, ಒಳಗೊಳಗೇ ಹಿಗ್ಗುತ್ತಲೂ ಇದ್ದರು.

ನಂಜನಗೂಡಿನ ಕಡೆಯವರು. ಸಾವಿರದ ಒಂಬೈನೂರ ಅರವತ್ತಾರರಲ್ಲಿ ಎರಡು ವರ್ಷದ ಕರಾರಿನ ಮೇಲೆ ಗಣಿತ ಕಲಿಸಲು ನೈರೋಬಿಗೆ ಬಂದರು. ಆ ಎರಡು ವರ್ಷ ಎಂಬತ್ತೆಂಟು ಬಂದರೂ ಮುಗಿದಿರಲಿಲ್ಲ. ಪಂಗಾನಿಯ ಒಂದು ಶಾಲೆಯಲ್ಲಿ ಪಾಠ, ಸಂಜೆ ಮನೆಯಲ್ಲಿ ಮಕ್ಕಳಿಗೆ ಟ್ಯೂಷನ್, ಹೋಗಿ ಬರಲು ಒಂದು ಹಳೆಯ ವೋಕ್ಸ್‌ವ್ಯಾಗನ್. ದಾರಿಯಲ್ಲಿ ಅಡ್ಡ ನುಗ್ಗುವ ಮಟಾಟು ಎಂಬ ಬಾಡಿಗೆ ವ್ಯಾನುಗಳನ್ನು ಮೂರು ಭಾಷೆಗಳಲ್ಲಿ ಬೈಯುತ್ತಿದ್ದರು. ಗಾಜು ಏರಿಸಿಕೊಂಡೇ ಬೈಯುತ್ತಿದ್ದರು ಎನ್ನುವುದನ್ನೂ ಹೇಳಿಬಿಡಬೇಕು. ಹದಿನಾಲ್ಕು ವರ್ಷದಿಂದ ಕನ್ನಡ ಸಂಘದ ಅಧ್ಯಕ್ಷರು. ಪಿಕ್ನಿಕ್ಕಿಗೆ ಎಷ್ಟು ಗಂಟೆಗೆ ಹೊರಡಬೇಕು ಎಂಬುದಕ್ಕೂ ‘ಈ ಮೂಲಕ ಸಮಸ್ತ ಸದಸ್ಯರಿಗೆ ತಿಳಿಯಪಡಿಸುವುದೇನೆಂದರೆ’ ಎಂದು ಸುತ್ತೋಲೆ ಹೊರಡಿಸುತ್ತಿದ್ದರು. ಆ ಹೆಸರು ಹುಟ್ಟಿದ್ದೇ ಹಾಗೆ.

ಆದರೆ ಮನುಷ್ಯನ ಜೀವ ಇದ್ದದ್ದು ಸುತ್ತೋಲೆಯಲ್ಲಿ ಅಲ್ಲ, ನಾಟಕದಲ್ಲಿ. ನವೆಂಬರಿನ ವಾರ್ಷಿಕೋತ್ಸವಕ್ಕೆ ಪ್ರತಿ ವರ್ಷ ಒಂದು ನಾಟಕ. ಬರೆಯುವವರು ಅವರೇ, ಆಡಿಸುವವರು ಅವರೇ. ಕಥೆ ಯಾವುದೇ ಇರಲಿ, ಅದರಲ್ಲಿ ಒಬ್ಬ ರಾಜ ಇರಲೇಬೇಕು, ಆ ರಾಜ ಅವರೇ ಆಗಬೇಕು. ಚಹದ ಡಬ್ಬದ ರಟ್ಟಿಗೆ ಚಿನ್ನದ ಕಾಗದ ಅಂಟಿಸಿದ ಕಿರೀಟ, ಕೆಂಪು ಮಖಮಲ್ಲಿನ ನಿಲುವಂಗಿ, ಶಾಲೆಯ ಬಡಗಿಯಿಂದ ಮಾಡಿಸಿದ ಸಿಂಹಾಸನ. ಎದುರಿಗೆ ಮೂರು ಗಂಟೆ ಜನ. ವರ್ಷವೆಲ್ಲ ತ್ರಿಕೋನಮಿತಿ ಕಲಿಸುವ ಮನುಷ್ಯನಿಗೆ ಆ ಮೂರು ಗಂಟೆ ಎಂದರೆ ಎಷ್ಟು ಎಂಬುದನ್ನು ಅವರು ಯಾರಿಗೂ ಹೇಳಿಕೊಂಡಿರಲಿಲ್ಲ, ಹೆಂಡತಿ ವಿಮಲಾಗೂ.

ಆ ಸಿಂಹಾಸನಕ್ಕೆ ಕೈ ಹಾಕಿದವರು ಫ್ಲಾವಿಯಾ. ಮಂಗಳೂರಿನವರು, ಹರ್ಲಿಂಗ್‌ಹ್ಯಾಮ್‌ನ ಒಂದು ಕ್ಲಿನಿಕ್ಕಿನಲ್ಲಿ ನರ್ಸು. ಇಂಜೆಕ್ಷನ್ ಕೊಡುವಾಗ ನೋಯುವುದಿಲ್ಲ ಎಂದು ಸುಳ್ಳು ಹೇಳುವ ಪೈಕಿ ಅಲ್ಲ. ಜೂನ್ ತಿಂಗಳ ಸಭೆಯಲ್ಲಿ ಎದ್ದು ನಿಂತರು.

“ಸರ್, ನಿಮ್ಮ ನಾಟಕ ಒಳ್ಳೇದೇ. ಆದ್ರೆ ನಮ್ಮ ಮಕ್ಕಳು ಒಂದು ಸಲವಾದ್ರೂ ಆ ಸ್ಟೇಜ್ ಹತ್ತಿದ್ದು ಉಂಟಾ? ನನ್ನ ಆನ್ನಿಗೆ ಹತ್ತು ವರ್ಷ. ನಾನು ಕನ್ನಡದಲ್ಲಿ ಕೇಳಿದ್ರೆ ಅವಳು ಇಂಗ್ಲಿಷಲ್ಲಿ ಹೇಳ್ತಾಳೆ. ಹೋದ ವರ್ಷ ನಿಮ್ಮ ಪಟ್ಟಾಭಿಷೇಕ ಆಗುವಾಗ ಹದಿನೇಳು ಮಕ್ಕಳು ಕುರ್ಚಿಯಲ್ಲೇ ಮಲಗಿದ್ರು ಮಾರಾಯ್ರೆ, ನಾನು ಲೆಕ್ಕ ಮಾಡಿದ್ದೇನೆ. ಈ ಸಲ ನಾಟಕ ಬೇಡ, ಮಕ್ಕಳ ಕಾರ್ಯಕ್ರಮ ಮಾಡುವ.”

ಸಭೆ ಎರಡು ಪಾಲಾಯಿತು. ಒಂದು ವಾರದಲ್ಲಿ ಗೆಳೆಯರು ಗೆಳೆಯರ ಫೋನು ಎತ್ತದಂತಾಯಿತು. ಕೊನೆಗೆ ಚಿದಾನಂದರೇ ಸುತ್ತೋಲೆ ಕಳಿಸಿದರು: ಮುಂದಿನ ಭಾನುವಾರ ಜನಮತಗಣನೆ, ಬಂದ ತೀರ್ಪಿಗೆ ಎಲ್ಲರೂ ಬದ್ಧರು. ‘ಎಲ್ಲರೂ’ ಎಂಬ ಮಾತಿನ ಕೆಳಗೆ ಗೆರೆ ಎಳೆದಿದ್ದರು. ಆ ಎಲ್ಲರಲ್ಲಿ ತಾವೂ ಸೇರಿದ್ದೇವೆ ಎಂದು ಗೆರೆ ಎಳೆಯುವಾಗ ಅವರಿಗೆ ಹೊಳೆದಿರಲಿಲ್ಲ.

ಓಟು ಹಾಕುವುದು ಹೇಗೆ? ಆ ವರ್ಷ ಫೆಬ್ರವರಿಯಲ್ಲಿ ದೇಶವೆಲ್ಲ ಸಾಲು ನಿಂತು ತನ್ನ ಅಭ್ಯರ್ಥಿಗಳನ್ನು ಆರಿಸಿತ್ತು. ಚೀಟಿ ಇಲ್ಲ, ಪೆಟ್ಟಿಗೆ ಇಲ್ಲ. ಬೇಕಾದವರ ಹಿಂದೆ ಹೋಗಿ ನಿಂತರೆ ಅದೇ ಓಟು. ಕೆಲವು ಕಡೆ ಗಿಡ್ಡ ಸಾಲೇ ಗೆದ್ದಿತೆಂದು ಜನ ದನಿ ತಗ್ಗಿಸಿ, ಅಕ್ಕಪಕ್ಕ ನೋಡಿಕೊಂಡು ಮಾತಾಡುತ್ತಿದ್ದರು. ಅರ್ಥಶಾಸ್ತ್ರದ ಮೇಷ್ಟ್ರು ಜೋಸೆಫ್ “ಚೀಟಿ ಮಾಡುವ ಸರ್” ಎಂದರು. ಚಿದಾನಂದರು ಒಪ್ಪಲಿಲ್ಲ. “ಊರಿಗೊಂದು ರೂಲು, ನಮಗೊಂದು ರೂಲಾ? ಸಾಲು ನಿಲ್ಲೋಣ,” ಎಂದರು. ಒಳಗಿನ ಲೆಕ್ಕ ಬೇರೆಯೇ ಇತ್ತು: ತಾನು ವೇದಿಕೆಯ ಮೇಲೆ ನಿಂತು ನೋಡುತ್ತಿರುವಾಗ ಎದುರು ಸಾಲಿನಲ್ಲಿ ನಿಲ್ಲುವ ಎದೆ ಯಾರಿಗಿದೆ?

ಭಾನುವಾರ ಬಂತು. ನಾಟಕ ಬೇಕೆನ್ನುವವರು ಸಭೆ ಸೇರುವ ಹಾಲಿನ ಎಡಗೋಡೆಗೆ, ಮಕ್ಕಳ ಕಾರ್ಯಕ್ರಮ ಬೇಕೆನ್ನುವವರು ಬಲಗೋಡೆಗೆ ಎಂದು ತೀರ್ಮಾನವಾಯಿತು. ಬಲಗೋಡೆಯ ಕೊನೆಗೆ ಅಡಿಗೆಮನೆ ಬಾಗಿಲು, ಅದರ ಮುಂದೆ ಊಟದ ಮೇಜು ಎಂಬುದನ್ನು ಯಾರೂ ಯೋಚಿಸಲಿಲ್ಲ. ಸಾಲು ಕೂಡುವ ಹೊತ್ತಿಗೆ ಸರಿಯಾಗಿ ವಿಮಲಾ ಪುಳಿಯೋಗರೆಯ ಪಾತ್ರೆಯ ಮುಚ್ಚಳ ತೆಗೆದರು. ನಾಲ್ಕಾರು ಜನ ಊಟಕ್ಕೂ ಅಲ್ಲೇ ನಿಂತರಾಯಿತೆಂದು ತಟ್ಟೆ ಹಿಡಿದೇ ನಿಂತರು.

ಜೋಸೆಫ್ ಎರಡು ಸಲ ಗಟ್ಟಿಯಾಗಿ ಎಣಿಸಿದರು. ಎಡಕ್ಕೆ ಮೂವತ್ತಾರು, ಬಲಕ್ಕೆ ಮೂವತ್ತೆಂಟು. ಮೂವತ್ತೆಂಟನೆಯವರು ಸೆರಗಿಗೆ ಕೈ ಒರೆಸಿಕೊಂಡು ಕಡೆಗೆ ಬಂದು ನಿಂತ ವಿಮಲಾ.

“ಫಲಿತಾಂಶವನ್ನು... ಕಮಿಟಿ ಪರಿಶೀಲಿಸುತ್ತೆ,” ಎಂದಷ್ಟೇ ಹೇಳಿ ಚಿದಾನಂದರು ವೇದಿಕೆ ಇಳಿದರು.

ವಾರವೆಲ್ಲ ಹೈರಿಡ್ಜ್‌ನ ತರಕಾರಿ ಅಂಗಡಿಯಲ್ಲಿ ಅದೇ ಮಾತು: ಸರ್ಕಾರ ಜನರ ತೀರ್ಪು ಒಪ್ಪುತ್ತೋ ಇಲ್ಲವೋ? “ನೋಡ್ತಾ ಇರಿ, ಇಲ್ಲೂ ಗಿಡ್ಡ ಸಾಲೇ ಉದ್ದ ಆಗುತ್ತೆ,” ಎಂದು ಒಬ್ಬರು ಬದನೆಕಾಯಿ ಆರಿಸುತ್ತ ಹೇಳಿದ್ದು ಮಧ್ಯಾಹ್ನದೊಳಗೆ ಚಿದಾನಂದರ ಕಿವಿಗೂ ಬಿತ್ತು. ತರಗತಿಯಲ್ಲಿ ಎರಡು ಸಲ ಕೂಡುವ ಲೆಕ್ಕ ತಪ್ಪಿದರು. ಮನೆಗೆ ಬಂದು ಬೀರುವಿನ ಮೇಲಿಂದ ಕಿರೀಟ ಇಳಿಸಿ, ಧೂಳು ಒರೆಸಿ, ಮತ್ತೆ ಮೇಲಿಟ್ಟರು. ವಿಮಲಾ ನೋಡಿಯೂ ನೋಡದಂತೆ ಸಾರಿಗೆ ಒಗ್ಗರಣೆ ಹಾಕಿದರು. ಸಾಲಿನ ವಿಷಯ ಗಂಡನೂ ಎತ್ತಲಿಲ್ಲ, ಹೆಂಡತಿಯೂ ಎತ್ತಲಿಲ್ಲ.

ಶುಕ್ರವಾರ ಸಂಜೆ ಡಾಕ್ಟರ್ ಅನಂತ್ ಬಂದರು. ಪ್ರತಿ ನಾಟಕದಲ್ಲೂ ಮಂತ್ರಿಯ ಪಾರ್ಟು ಅವರದೇ. ಕೂತವರು ಕಾಫಿ ಬಂದರೂ ಕುಡಿಯಲಿಲ್ಲ.

“ಸರ್, ಒಂದು ತಪ್ಪಾಗೋಗಿದೆ. ಅವತ್ತು ಡ್ಯೂಟಿ ಮುಗಿಸಿ ಲೇಟಾಗಿ ಬಂದೆ. ಬೆಳಿಗ್ಗೆಯಿಂದ ಏನೂ ತಿಂದಿರ್ಲಿಲ್ಲ. ಬಲಗಡೆ ಎಲ್ಲ ತಟ್ಟೆ ಹಿಡ್ಕೊಂಡು ನಿಂತಿದ್ರಲ್ಲ, ನಾನು ಊಟದ ಸಾಲು ಅಂದ್ಕೊಂಡು ನಿಂತ್ಬಿಟ್ಟೆ. ಜೋಸೆಫ್ ನನ್ನ ಭುಜ ತಟ್ಟಿ ‘ಇಪ್ಪತ್ತೊಂಬತ್ತು’ ಅಂದಾಗ ಊಟಕ್ಕೆ ಟೋಕನ್ ನಂಬರ್ ಕೊಟ್ರು ಅಂದ್ಕೊಂಡೆ.”

ಚಿದಾನಂದರು ಗಣಿತದ ಮೇಷ್ಟ್ರು. ಒಬ್ಬ ಬಲದಿಂದ ಎಡಕ್ಕೆ ಬಂದರೆ ಮೂವತ್ತೇಳಕ್ಕೆ ಮೂವತ್ತೇಳು. ಸಮ ಬಂದರೆ ಅಧ್ಯಕ್ಷರ ಓಟೇ ನಿರ್ಣಾಯಕ. ಐದು ದಿನದ ಮೇಲೆ ಮೊದಲ ಸಲ ಅವರ ಮುಖ ಅರಳಿತು. ಅನಂತ್ ಎರಡನೇ ಲೋಟ ಕಾಫಿ ಕುಡಿದೇ ಹೊರಟರು.

ಶನಿವಾರ ಬೆಳಿಗ್ಗೆ ತಿಂಡಿ ಆದ ಮೇಲೆ ಚಿದಾನಂದರು ಸುತ್ತೋಲೆಯ ಕರಡು ಹಿಡಿದು ಬಂದರು. ಸಂಘದ ಸುತ್ತೋಲೆಗಳನ್ನು ದುಂಡಗೆ ಬರೆದುಕೊಡುವುದು ವಿಮಲಾ ಅವರ ಕೆಲಸ. ವಿಮಲಾ ಕನ್ನಡಕ ಹಾಕಿಕೊಂಡು ಓದಿದರು: ‘ಸಾಲುಗಳ ವಿಷಯದಲ್ಲಿ ಉಂಟಾದ ಗೊಂದಲವನ್ನು ಗಮನಿಸಿ, ಅಧ್ಯಕ್ಷರು ತಮ್ಮ ವಿವೇಚನಾಧಿಕಾರವನ್ನು ಚಲಾಯಿಸಿ, ನಾಟಕವನ್ನು ಎಂದಿನಂತೆ...’

ಓದಿ ಹಾಳೆಯನ್ನು ಮೇಜಿನ ಮೇಲಿಟ್ಟರು. ಪೆನ್ನು ತೆಗೆದುಕೊಳ್ಳಲಿಲ್ಲ.

“ಅಲ್ಲ ವಿಮಲಾ,” ಎಂದರು ಚಿದಾನಂದರು. “ನೀನೂ ಊಟದ ಸಾಲು ಅಂದ್ಕೊಂಡೇ ನಿಂತಿದ್ದೆ, ಅಲ್ವಾ?”

“ಅಡಿಗೆ ಮಾಡಿದವಳು ನಾನು. ಊಟಕ್ಕೆ ನಾನ್ಯಾಕ್ರೀ ಸಾಲು ನಿಲ್ಲಲಿ?”

ಚಿದಾನಂದರಿಗೆ ನಿಜವಾಗಿ ನೋವಾಗಿತ್ತು. “ಹಾಗಾದ್ರೆ ಬೇಕು ಅಂತಲೇ ನಿಂತೆ. ನನ್ನ ನಾಟಕ ನಿಂಗೂ ಬೇಡ್ವಾ?”

“ನಿಮ್ಮ ನಾಟಕ ಹೇಗಿರುತ್ತೆ ಅಂತ ನಂಗೇನು ಗೊತ್ತು? ನಾನು ನೋಡೇ ಇಲ್ವಲ್ಲ.”

“ನೋಡಿಲ್ಲ ಅಂದ್ರೆ? ಪ್ರತಿ ಮಾತೂ ನಿಂಗೆ ಬಾಯಿಪಾಠ.”

“ಮಾತು ಗೊತ್ತು. ಹದಿನಾಲ್ಕು ವರ್ಷ ಪರದೆ ಹಿಂದೆ ಮರದ ಪೆಟ್ಟಿಗೆ ಮೇಲೆ ಕೂತು, ಟಾರ್ಚ್ ಹಿಡ್ಕೊಂಡು, ನೀವು ಮರೆತಾಗೆಲ್ಲ ಹೇಳಿಕೊಟ್ಟಿದೀನಿ. ಅಲ್ಲಿಂದ ನಿಮ್ಮ ಹಿಮ್ಮಡಿ ಕಾಣುತ್ತೆ. ನಿಲುವಂಗಿ ಹಿಂದುಗಡೆ ನಾನೇ ಚುಚ್ಚಿದ ಪಿನ್ನು ಕಾಣುತ್ತೆ. ಜನ ಚಪ್ಪಾಳೆ ಹೊಡೀತಾರೆ, ಯಾವುದಕ್ಕೆ ಹೊಡೆದ್ರು ಅಂತ ಮನೆಗೆ ಬಂದ್ಮೇಲೆ ನಿಮ್ಮನ್ನೇ ಕೇಳ್ಬೇಕು. ಒಂದು ಸಲ, ಒಂದೇ ಸಲ, ನಾನೂ ಒಳ್ಳೆ ಸೀರೆ ಉಟ್ಕೊಂಡು ಮುಂದಿನ ಸಾಲಲ್ಲಿ ಕುರ್ಚಿ ಮೇಲೆ ಕೂತ್ಕೋಬೇಕು ಅನ್ನಿಸ್ತು. ನಿಂತೆ.”

ವಿಮಲಾ ಇಷ್ಟು ಮಾತನ್ನು ಒಂದೇ ಉಸಿರಿಗೆ ಆಡಿದವರಲ್ಲ. ಚಿದಾನಂದರಿಗೆ ನಾಚಿಕೆಯಾಯಿತು, ಚೆನ್ನಾಗಿಯೇ ಆಯಿತು. ಆದರೂ ಇಪ್ಪತ್ತೆರಡು ವರ್ಷದ ಮೇಷ್ಟ್ರು, ಕಡೆಯ ಅಂಕಿಯವರೆಗೂ ವಾದಿಸದೆ ಬಿಡುವವರಲ್ಲ. “ಅದು ಸರಿ. ಆದ್ರೆ ಅನಂತ್ ತಪ್ಪಿ ನಿಂತಿದ್ದು ನಿಜ ತಾನೆ? ಲೆಕ್ಕ ಅಂದ್ಮೇಲೆ ತಿದ್ದಬೇಕಲ್ಲ?”

“ತಿದ್ದಿ. ಹಾಗೇ ನಿಮ್ಮ ಸಾಲಲ್ಲಿ ನಿಂತವರನ್ನೂ ಒಬ್ಬೊಬ್ಬರಾಗಿ ಕೇಳ್ಕೊಂಡು ಬನ್ನಿ. ನಿಮ್ಮ ಹತ್ರ ಟ್ಯೂಷನ್ನಿಗೆ ಬರೋ ಮಕ್ಕಳ ಅಪ್ಪ ಅಮ್ಮನೇ ಅಲ್ಲಿ ಎಂಟು ಜನ ಇದ್ರು. ಪರೀಕ್ಷೆ ಹತ್ರ ಇದೆ. ಮೇಷ್ಟ್ರು ಮೇಲೆ ನಿಂತು ನೋಡ್ತಿದ್ರೆ ಅವರು ಇನ್ನೆಲ್ಲಿ ನಿಲ್ತಾರೆ, ಹೇಳಿ?”

ತಾನು ಹಾಕಿದ ಲೆಕ್ಕ ಇಷ್ಟು ಸಲೀಸಾಗಿ ಹೆಂಡತಿಗೆ ಗೊತ್ತಾಗಿತ್ತಲ್ಲ! ಚಿದಾನಂದರಿಗೆ ನಗು ಬಂತು. ಮೊದಲು ತಡೆದುಕೊಂಡರು, ಆಮೇಲೆ ತಡೆಯಲಾಗದೆ ನಕ್ಕುಬಿಟ್ಟರು. ಕರಡನ್ನು ನಾಲ್ಕು ಮಡಿಕೆ ಮಡಚಿ, ಅಲುಗಾಡುತ್ತಿದ್ದ ಮೇಜಿನ ಕಾಲಿನ ಕೆಳಗೆ ಇಟ್ಟರು.

“ಬರ್ಕೋ,” ಎಂದರು. ವಿಮಲಾ ಪೆನ್ನು ಎತ್ತಿಕೊಂಡರು. ಹದಿನಾಲ್ಕು ವರ್ಷಗಳಲ್ಲಿ ಅಷ್ಟು ಗಿಡ್ಡ ಸುತ್ತೋಲೆ ಹೊರಟಿರಲಿಲ್ಲ: ‘ಮೂವತ್ತೆಂಟು ಮೂವತ್ತಾರಕ್ಕಿಂತ ಹೆಚ್ಚು. ಈ ವರ್ಷ ಮಕ್ಕಳ ಕಾರ್ಯಕ್ರಮ.’

ಅನಂತ್‌ಗೆ ಫೋನು ಮಾಡಿ, ನಿಂತವರು ನಿಂತ ಹಾಗೆಯೇ ಲೆಕ್ಕ ಎಂದು ತಿಳಿಸಿದರು. ಮಂತ್ರಿಗಳಿಗೆ ಬೇಜಾರಾಯಿತು, ಆದರೆ ರಾಜನೇ ಬಿಟ್ಟ ಮೇಲೆ ಅವರು ಮಾಡುವುದೇನು! ಆಮೇಲೆ ಫ್ಲಾವಿಯಾಗೆ ಮಾಡಿದರು.

“ಫ್ಲಾವಿಯಾ, ಮಕ್ಕಳ ಕಾರ್ಯಕ್ರಮಕ್ಕೆ ಪರದೆ ಹಿಂದೆ ಮಾತು ಹೇಳಿಕೊಡೋಕೆ ಯಾರಿದಾರೆ?”

“ಯಾಕೆ ಸರ್? ಇದೆಂತ ಹೊಸತು?”

“ನಾನು ಕೂತ್ಕೋತೀನಿ. ವಿಮಲಾ ಬರಲ್ಲ. ಅವಳಿಗೆ ಅವತ್ತು ಬೇರೆ ಕೆಲ್ಸ ಇದೆ.”

ಫ್ಲಾವಿಯಾ ಗೆದ್ದ ಮೇಲೂ ಧಾರಾಳ ಬಿಡದ ಹೆಂಗಸು. ಹೇಗೂ ಕೂರುತ್ತೀರಲ್ಲ, ಒಂದು ಚಿಕ್ಕ ನಾಟಕವನ್ನೂ ನೀವೇ ಬರೆದುಕೊಡಿ, ಆದರೆ ಅರ್ಧ ಗಂಟೆ, ಆಡುವವರೆಲ್ಲ ಮಕ್ಕಳೇ, ರಾಜ ಬೇಡ ಎಂದು ಷರತ್ತು ಹಾಕಿದರು. “ಅರ್ಧ ಗಂಟೇಲಿ ರಾಜ ಸಿಂಹಾಸನದವರೆಗೆ ನಡ್ಕೊಂಡು ಬರೋಕೂ ಆಗಲ್ಲಮ್ಮ,” ಎಂದು ಗೊಣಗಿ ಚಿದಾನಂದರು ಫೋನಿಟ್ಟರು. ಮೂರು ದಿನದಲ್ಲಿ ಬರೆದು ಮುಗಿಸಿದರು. ಒಂದು ಮಟಾಟು, ಅದರೊಳಗೆ ಹನ್ನೆರಡು ಮಕ್ಕಳು, ಇನ್ನೂ ಹತ್ತಿಸಿಕೊಳ್ಳಲು ಹಟ ಹಿಡಿದ ಕಂಡಕ್ಟರು. ಇಷ್ಟು ವರ್ಷ ಗಾಜು ಏರಿಸಿಕೊಂಡು ಬೈದದ್ದೆಲ್ಲ ಉಪಯೋಗಕ್ಕೆ ಬಂತು. ಕಂಡಕ್ಟರ್ ಪಾರ್ಟು ಫ್ಲಾವಿಯಾ ಮಗಳು ಆನ್ನಿಗೆ. ಸಿಂಹಾಸನ ಡ್ರೈವರ್ ಸೀಟಾಯಿತು.

ಅಭ್ಯಾಸದ ದಿನಗಳೇ ಒಂದು ನಾಟಕ. “ಮುಂದೆ ಸರೀರಿ, ಇನ್ನೂ ಜಾಗ ಇದೆ ಅನ್ನಮ್ಮ,” ಎಂದು ಚಿದಾನಂದರು ಹೇಳಿಕೊಟ್ಟರೆ ಆನ್ನಿ “ಬಟ್ ಅಂಕಲ್, ದೇರ್ ಈಸ್ ನೋ ಜಾಗ,” ಎನ್ನುತ್ತಿದ್ದಳು. ಅವಳ ಬಾಯಿಂದ ಒಂದು ಕನ್ನಡ ಪದ ಬಂತಲ್ಲ ಎಂದು ಅವರು ಹಿಗ್ಗಿ ಮನೆಗೆ ಬಂದು ವರದಿ ಮಾಡುತ್ತಿದ್ದರು.

ನವೆಂಬರಿನ ಆ ಮಧ್ಯಾಹ್ನ ವಿಮಲಾ ಮಾವಿನ ಚಿಗುರಿನ ಬಣ್ಣದ ರೇಷ್ಮೆ ಸೀರೆ ಉಟ್ಟು, ಮುಂದಿನ ಸಾಲಿನ ನಟ್ಟನಡುವಿನ ಕುರ್ಚಿಯಲ್ಲಿ ಕೂತರು. ಅಡಿಗೆಮನೆಯಿಂದ ಯಾರೋ ಕರೆದರು. ಅವರು ತಿರುಗಿ ನೋಡಲಿಲ್ಲ.

ಪರದೆ ಹಿಂದೆ ಚಿದಾನಂದರು ಮರದ ಪೆಟ್ಟಿಗೆಯ ಮೇಲೆ ಕೂತರು. ಪೆಟ್ಟಿಗೆಯಲ್ಲಿ ಒಂದು ಮೊಳೆ ಎದ್ದಿತ್ತು. ಹದಿನಾಲ್ಕು ವರ್ಷ ಇದನ್ನು ಇವಳು ಹೇಳಲೇ ಇಲ್ಲವಲ್ಲ ಎಂದುಕೊಂಡು ಅಂಚಿಗೆ ಸರಿದು ಕೂತರು. ಆ ಜಾಗದಿಂದ ಮಕ್ಕಳ ಹಿಮ್ಮಡಿ, ಬಿಳಿ ಕಾಲುಚೀಲ ಮಾತ್ರ ಕಾಣುತ್ತಿತ್ತು. ನಾಟಕ ಶುರುವಾಯಿತು. ಆನ್ನಿ ಬಾಯಿ ತೆರೆದಳು, ಮಾತು ಮರೆತಳು. ಚಿದಾನಂದರು ಪಿಸುಗುಟ್ಟಿದರು. ಆದರೆ ರಾಜನ ಗಂಟಲು ಪಿಸುಗುಟ್ಟುವುದನ್ನು ಎಲ್ಲಿ ಕಲಿತಿತ್ತು? “ಮುಂದೆ ಸರೀರಿ, ಇನ್ನೂ ಜಾಗ ಇದೆ” ಎಂಬ ಮಾತು ಪರದೆ ಹಿಂದಿನಿಂದ ಹೊರಟು ಹಾಲಿನ ಕಡೆಯ ಗೋಡೆಗೆ ಬಡಿಯಿತು. ಹಿಂದಿನ ಸಾಲಿನ ಇಬ್ಬರು ನಿಜವಾಗಿಯೂ ಕುರ್ಚಿ ಮುಂದಕ್ಕೆ ಎಳೆದುಕೊಂಡರು. ಅಂದು ಪ್ರತಿ ಮಾತೂ ಎರಡೆರಡು ಸಲ ಕೇಳಿತು, ಮೊದಲು ಪರದೆಯಿಂದ, ಆಮೇಲೆ ಮಗುವಿನಿಂದ. ಜನ ಹೊಟ್ಟೆ ಹಿಡಿದುಕೊಂಡು ನಕ್ಕರು. ಒಂದು ಮಗುವೂ ನಿದ್ದೆ ಮಾಡಲಿಲ್ಲ.

ಕಾರಿನಲ್ಲಿ ಮನೆಗೆ ಬರುವಾಗ ಒಂದು ಮಟಾಟು ಅಡ್ಡ ನುಗ್ಗಿತು, ಚಿದಾನಂದರು ಬೈಯಲಿಲ್ಲ.

“ಹೇಗಿತ್ತು?” ಎಂದು ಕೊನೆಗೆ ಕೇಳಿದರು.

“ತುಂಬ ಚೆನ್ನಾಗಿತ್ತು ರೀ,” ಎಂದರು ವಿಮಲಾ. “ಜನ ಎಲ್ಲೆಲ್ಲಿ ಚಪ್ಪಾಳೆ ಹೊಡೆದ್ರು ಅಂತ ಈ ಸಲ ನಾನು ಹೇಳ್ತೀನಿ, ನೀವು ಕೇಳಿ.”

ಮನೆ ಮುಟ್ಟುವವರೆಗೂ ಅವರು ಹೇಳಿದರು, ಇವರು ಕೇಳಿದರು.