ಮಾವನ ಸೈಕಲ್ಲಿಗೆ ಬಿದ್ದ ಆಣೆ

ಆ ದಿನಗಳಲ್ಲಿ ನಮ್ಮ ಡೊಂಬಿವಲಿಯ ಬಿಲ್ಡಿಂಗಿನಲ್ಲಿ ಯಾರಾದರೂ ಹೊಸ ಕುಕ್ಕರ್ ತಂದರೂ, ಎಲ್ಲಿಂದ ಬಂತೆಂದು ತಿಳಿಯುವವರೆಗೆ ಉಳಿದವರಿಗೆ ಊಟ ರುಚಿಸುತ್ತಿರಲಿಲ್ಲ. ಇನ್ನು ದೀಪಾವಳಿ ರಜೆಯಲ್ಲಿ ವಾಸುಮಾವ ಬಾಗಿದ ಹ್ಯಾಂಡಲ್ಲಿನ ಹಳೆಯ ರೇಸ್ ಸೈಕಲ್ ತಳ್ಳಿಕೊಂಡು ಬಂದರೆ ಬಿಡುತ್ತಾರೆಯೇ?

ವಾಸುಮಾವ ಅಮ್ಮನ ತಮ್ಮ. ಕೆಲವು ಸ್ಟೇಷನ್ ಆಚೆಯ ಕಳವಾ ಎಂಬಲ್ಲಿನ ಉಡುಪಿ ಹೋಟೆಲೊಂದರಲ್ಲಿ ಗಲ್ಲಾ ನೋಡಿಕೊಳ್ಳುತ್ತಿದ್ದ. ರಜೆ ಸಿಕ್ಕಾಗಲೆಲ್ಲ ಊಟಕ್ಕೆ ನಮ್ಮಲ್ಲಿಗೇ. "ಭಿವಂಡಿಯ ಮಗ್ಗದ ಸೇಠರು ಕೊಟ್ಟದ್ದು ಅಕ್ಕ, ಸುಮ್ಮನೆ" ಎಂದ. ಸುಮ್ಮನೆ! ಅಮ್ಮನ ಹುಬ್ಬು ಮೇಲೇರಿತು.

ಮೆಟ್ಟಿಲ ಕೆಳಗೆ ಗೋಣಿ ಹಾಸಿ, ಸೈಕಲ್ಲನ್ನು ತಲೆಕೆಳಗಾಗಿ ನಿಲ್ಲಿಸಿ, ಮಾವ ಮೊದಲು ಮಾಡಿದ ಕೆಲಸವೇ ಬಣ್ಣ ಕೆರೆಯುವುದು. ಚೈನನ್ನು ಸೀಮೆಎಣ್ಣೆಯಲ್ಲಿ ನೆನೆಹಾಕಿದ, ಪಾಲಿಶ್ ಪೇಪರಿನಿಂದ ಉಕ್ಕು ಬೆಳ್ಳಗಾಗುವವರೆಗೆ ತಿಕ್ಕಿದ. ಅಮ್ಮ ಕರಿಯುತ್ತಿದ್ದ ಚಕ್ಕುಲಿಯ ಪರಿಮಳಕ್ಕೆ ಥಿನ್ನರಿನ ವಾಸನೆ ಸೇರಿ ಮೂಗು ಉರಿಯುತ್ತಿತ್ತು. ತುಕ್ಕು ತೆಗೆಯದೆ ಬಣ್ಣ ನಿಲ್ಲುವುದಿಲ್ಲ ಎಂದು ಅವನು ಎಷ್ಟು ಹೇಳಿದರೂ, ಇದ್ದ ಹಸಿರು ಬಣ್ಣವನ್ನು ಯಾಕೆ ಅಳಿಸುತ್ತಿದ್ದಾನೆ ಎಂಬ ಪ್ರಶ್ನೆ ಎಲ್ಲ ಮಹಡಿಗಳನ್ನೂ ಹತ್ತಿತು.

ಎದುರುಮನೆಯ ಹುಬ್ಬಳ್ಳಿಯ ಗಂಗಕ್ಕ ಅಮ್ಮನ ಕಿವಿ ಕಚ್ಚಿದರು: "ಕಲ್ಯಾಣ ಸ್ಟೇಷನ್‌ದಾಗ ನಮ್ಮ ಅಳಿಯಂದು ಇಂಥಾದ್ದ ಸೈಕಲ್ ಹೋಗೇತ್ರಿ. ನಾ ಏನೂ ಅನ್ನಂಗಿಲ್ಲ ಬಿಡ್ರಿ."

ಏನೂ ಅನ್ನದೆಯೇ ಎಲ್ಲವನ್ನೂ ಅಂದಾಗಿತ್ತು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಳ್ಳುತ್ತಾನೋ ಎಂದು ನಾನೂ ಮಾವನನ್ನೇ ಗಮನಿಸತೊಡಗಿದೆ. ಅವನು ಸಾವಧಾನವಾಗಿ ಎರಡನೆಯ ಸಲ ನೀಲಿ ಬಳಿಯುತ್ತಿದ್ದ.

ಆ ಸಂಜೆ ಗೋಳಿಬಜೆಯ ತಟ್ಟೆ ಮುಂದಿಡುತ್ತ ಅಮ್ಮ ಕೇಳಿಯೇಬಿಟ್ಟಳು. "ಕದ್ದದ್ದಲ್ಲ ಅಂತ ಊರಿನ ದೈವದ ಆಣೆ ಹಾಕು ಮಾರಾಯ. ಜನರ ಬಾಯಿ ಮುಚ್ಚಬೇಕಲ್ಲ."

"ಸಂಶಯ ಜನರದ್ದಾ, ನಿನ್ನದಾ?"

ಅಮ್ಮ ತಟ್ಟೆಯನ್ನು ಇನ್ನೂ ಮುಂದಕ್ಕೆ ಸರಿಸಿದಳು. ಮಾವ ಆಣೆ ಹಾಕಿದ. ತಟ್ಟೆ ಮುಟ್ಟದೆ ಎದ್ದು ಹೋದ. ಬಣ್ಣ ಇನ್ನೂ ಹಸಿಯಿದ್ದ ಸೈಕಲ್ ಮೆಟ್ಟಿಲ ಕೆಳಗೇ ಉಳಿಯಿತು.

ಇನ್ನು ಅವನು ನಮ್ಮ ಮನೆಯ ತಟ್ಟೆ ಮುಟ್ಟುವಂತೆಯೂ ಇರಲಿಲ್ಲ. ನಮ್ಮ ಕಡೆ ಹಾಗೆ ಆಣೆ ಬಿದ್ದರೆ, ಹಾಕಿದವರು ಹಾಕಿಸಿದವರು ಇಬ್ಬರೂ ಜೊತೆಯಾಗಿ ಊರಿಗೆ ಹೋಗಿ ದೈವದ ಮುಂದೆ ಅದನ್ನು ಬಿಡಿಸಿಕೊಳ್ಳುವವರೆಗೆ ಒಬ್ಬರ ಮನೆಯ ನೀರು ಇನ್ನೊಬ್ಬರಿಗಿಲ್ಲ. ಸಂಶಯದ ಭರದಲ್ಲಿ ಅಮ್ಮ ಅದನ್ನು ಮರೆತಿದ್ದಳು.

ರಜೆ ಮುಗಿಯುವ ಮೊದಲೇ ಭಿವಂಡಿಯ ಸೇಠರು ಮನೆ ಹುಡುಕಿಕೊಂಡು ಬಂದರು. ತೀರಾ ಮುದುಕರು. ಕೈಯಲ್ಲಿ ಗಾಳಿ ಹೊಡೆಯುವ ಪಂಪು. ಸೈಕಲ್ಲಿನ ಜೊತೆ ಇದನ್ನೂ ಕೊಡಬೇಕಿತ್ತು, ಮರೆತೆ ಎಂದು ಹಿಂದಿಯಲ್ಲಿ ಹೇಳಿದರು. ತಮಗೆ ಇನ್ನು ತುಳಿಯಲಾಗದು, ಪ್ರೀತಿಯಿಂದ ಇಟ್ಟುಕೊಳ್ಳುವವನಿಗೆ ಕೊಟ್ಟೆ ಎನ್ನುತ್ತ ನೀಲಿ ಉಕ್ಕನ್ನು ಸವರಿದರು. ಗಂಗಕ್ಕ ಬಾಗಿಲು ಹಾಕಿಕೊಂಡರು.

ಅಮ್ಮ ಅಳುತ್ತ ಕಳವಾಕ್ಕೆ ಓಡಿದಳು. ಮಾವ ಕ್ಷಮಿಸಿದ. ಆದರೆ ಆಣೆಗೆ ಕ್ಷಮೆ ಸಾಲದು. ಅವನಿಗೆ ರಜೆ ಸಿಕ್ಕಾಗ ಅಪ್ಪನ ಕಾಯಿಲೆ, ನಾವು ಹೊರಟಾಗ ಅವನ ಹೋಟೆಲಿನ ಗದ್ದಲ. ಇಂದು ನಾಳೆ ಎನ್ನುತ್ತ ವರ್ಷಗಳು ಹೋದವು. ಮಾವ ಬರುತ್ತಿದ್ದ, ಹೊಟ್ಟೆ ತುಂಬಿದೆ ಎನ್ನುತ್ತಿದ್ದ, ಸ್ವಲ್ಪ ಹೊತ್ತು ಕೂತು ಹೋಗುತ್ತಿದ್ದ. ನನ್ನ ಮದುವೆಯ ಊಟಕ್ಕೂ ಎಲೆಯ ಮುಂದೆ ಕೂರಲಿಲ್ಲ.

ಕಳೆದ ಮಳೆಗಾಲ ಅಮ್ಮ ತೀರಿಕೊಂಡಳು. ಮೊನ್ನೆ ಮಾವ ಬಂದಾಗ ನೀರಿನ ಲೋಟ ಮುಂದಿಟ್ಟು, "ಇನ್ನಾದರೂ ಕುಡಿ ಮಾವ" ಎಂದೆ. ಅಮ್ಮನ ಮೇಲೆ ಸಿಟ್ಟೂ ಅವಳ ನೆನಪಿನ ಅಳುವೂ ನನಗೆ ಒಟ್ಟಿಗೆ ಬಂದಿದ್ದವು.

ಮಾವ ಲೋಟವನ್ನು ಮೆಲ್ಲಗೆ ನನ್ನ ಕಡೆಗೇ ಸರಿಸಿದ.

"ಬಿಡಿಸ್ಲಿಕ್ಕೆ ಇಬ್ಬರೂ ಹೋಗ್ಬೇಕು ಮಗಾ. ಈಗ ನಾನೊಬ್ಬನೇ ಉಳಿದದ್ದು."